ಐದು ರೂಪಾಯಿ ಕಲಿಸಿದ ಪಾಠ

2003ರ ಜೂನ್‌ನಲ್ಲಿ ಕರ್ನಾಟಕದ ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ ‘ಯಶಸ್ವಿನಿ’ ಆರೋಗ್ಯ ಯೋಜನೆ ಆರಂಭವಾಯಿತು. ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಹೃದಯದ ಆಪರೇಷನ್ನಿಗೂ ಕೈಯಿಂದ ಹಣ ಕೊಡಬೇಕಿರಲಿಲ್ಲ. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿ ಅವರ ಕಲ್ಪನೆಗೆ ಎಸ್.ಎಂ. ಕೃಷ್ಣ ಅವರ ಸರ್ಕಾರ ಕೈಜೋಡಿಸಿತ್ತು.

ಲೆಕ್ಕ ಸರಳ. ಕಂತು ಕಟ್ಟುವವರು ಲಕ್ಷಾಂತರ, ಆಪರೇಷನ್ ಬೇಕಾಗುವವರು ಕೆಲವರು. ಖಾಸಗಿ ಆಸ್ಪತ್ರೆಗಳಲ್ಲಿ ಖಾಲಿ ಇರುತ್ತಿದ್ದ ಆಪರೇಷನ್ ಥಿಯೇಟರುಗಳಿಗೂ ಕೆಲಸ ಸಿಗುತ್ತದೆ. ಕಂತು ಸಂಗ್ರಹಕ್ಕೆ ಊರಿನ ಸೊಸೈಟಿಯೇ ಇತ್ತು. ಸರ್ಕಾರವೂ ತನ್ನ ಪಾಲು ಸೇರಿಸಿತು.

ಆದರೆ ಸೊಸೈಟಿಯ ಸದಸ್ಯತ್ವವಿಲ್ಲದ ಕೂಲಿಕಾರರು ಹೊರಗೇ ಉಳಿದರು. ಅವರನ್ನು ತಲುಪಿದ್ದು 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಜಾರಿಗೆ ಬಂದ ವಾಜಪೇಯಿ ಆರೋಗ್ಯಶ್ರೀ. ಬಿಪಿಎಲ್ ಕಾರ್ಡ್ ಇದ್ದವರು ಕಂತನ್ನೂ ಕಟ್ಟಬೇಕಿರಲಿಲ್ಲ. ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಖರ್ಚಿನ ಕಾಯಿಲೆಗಳಿಗೆ ಚಿಕಿತ್ಸೆ ಉಚಿತ. ಯೋಜನೆ ಹಂತ ಹಂತವಾಗಿ ವಿಸ್ತರಿಸಿದ್ದರಿಂದ, ಅದರ ಗಡಿಯ ಆಚೀಚೆ ಇದ್ದ ಹಳ್ಳಿಗಳ ಬಡ ಕುಟುಂಬಗಳನ್ನು ಹೋಲಿಸಿ ನೋಡಲು ಸಂಶೋಧಕರಿಗೆ ಸಾಧ್ಯವಾಯಿತು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಯೋಜನೆ ಇದ್ದ ಕಡೆ ಈ ಬಗೆಯ ಕಾಯಿಲೆಗಳ ಸಾವಿನ ಪ್ರಮಾಣ ಶೇ 64ರಷ್ಟು ಕಡಿಮೆಯಿತ್ತು. ವಿಮೆ ಜೀವ ಉಳಿಸುತ್ತದೆ ಎಂಬುದಕ್ಕೆ ನಮ್ಮ ಹಳ್ಳಿಗಳೇ ಸಾಕ್ಷಿ ನುಡಿದವು.

ಬಿಪಿಎಲ್ ಗೆರೆಗಿಂತ ಒಂದಿಷ್ಟು ಮೇಲಿರುವ ಸಣ್ಣ ಅಂಗಡಿಯವರು, ಖಾಸಗಿ ಶಾಲೆಯ ಶಿಕ್ಷಕಿಯರು, ಆಟೊ ಚಾಲಕರ ಪಾಡೇನು? 2018ರಲ್ಲಿ ಹಳೆಯ ಯೋಜನೆಗಳನ್ನು ‘ಆರೋಗ್ಯ ಕರ್ನಾಟಕ’ದಲ್ಲಿ ಸೇರಿಸಿ, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದ ಜತೆ ಜೋಡಿಸಿದಾಗ ಎಪಿಎಲ್ ಕುಟುಂಬಗಳಿಗೂ ಬಾಗಿಲು ತೆರೆಯಿತು, ಅದೂ ಅರ್ಧ ಮಾತ್ರ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಎರಡು ಲಕ್ಷದ ಪ್ಯಾಕೇಜಾದರೆ ಸರ್ಕಾರದ ಪಾಲು 60 ಸಾವಿರ, ಉಳಿದ 1.4 ಲಕ್ಷಕ್ಕೆ ಒಡವೆ ಅಡವಿಡಬೇಕು, ಇಲ್ಲವೇ ಸಾಲ ಮಾಡಬೇಕು. ಒಂದೇ ಒಂದು ಕಾಯಿಲೆ ಇಂಥ ಕುಟುಂಬವನ್ನು ಗೆರೆಯ ಕೆಳಕ್ಕೆ ನೂಕಬಲ್ಲದು.

ಆರೋಗ್ಯ ಕರ್ನಾಟಕದಲ್ಲಿ ಕರಗಿಹೋಗಿದ್ದ ಯಶಸ್ವಿನಿಯನ್ನು 2022ರಲ್ಲಿ ಮತ್ತೆ ಜಾರಿಗೆ ತರಲಾಯಿತು. ನಾಲ್ಕು ಜನರ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಕಂತು, 5 ಲಕ್ಷದವರೆಗೆ ರಕ್ಷಣೆ. ಮುಂದಿನ ದಾರಿ ಇಲ್ಲೇ ಇದೆ. ಸೊಸೈಟಿಯ ಸದಸ್ಯರಲ್ಲದ ಮಧ್ಯಮ ವರ್ಗದವರೂ ತಮ್ಮ ಶಕ್ತಿಗೆ ತಕ್ಕ ಕಂತು ಕಟ್ಟಿ, ಪೂರ್ತಿ ರಕ್ಷಣೆ ಪಡೆಯುವಂತಾಗಬೇಕು. ಭರಿಸಬಲ್ಲ ಕಂತು, ನಂಬಬಲ್ಲ ವ್ಯವಸ್ಥೆ ಇದ್ದರೆ ಜನ ತಮ್ಮ ಪಾಲನ್ನು ಕೊಡುತ್ತಾರೆ ಎಂದು ನಮ್ಮ ರೈತರು ಇಪ್ಪತ್ತು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ.