ಅರ್ಜಿಯಲ್ಲಿ ಬಿಟ್ಟುಹೋಗುವ ಹೆಸರು



ನಮ್ಮ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ಕುಟುಂಬದ ಸದಸ್ಯರ ವಿವರ’ ಎಂಬ ಕಲಂ ಇದೆ. ಮನೆಭೇಟಿಗೆ ಹೋದಾಗ, ಆ ಕಲಮಿನಲ್ಲಿ ಇಲ್ಲದ ಒಬ್ಬರು ಕೆಲವೊಮ್ಮೆ ಒಳಕೋಣೆಯಲ್ಲಿ ಕಾಣುತ್ತಾರೆ: ಬೌದ್ಧಿಕ ಅಂಗವೈಕಲ್ಯವಿರುವ, ವಯಸ್ಸಿಗೆ ಬಂದ ಅಣ್ಣ ಅಥವಾ ಅಕ್ಕ. “ಅವನಿಗೆ ಓದು ಇಲ್ಲವಲ್ಲ ಸಾರ್, ಅದಕ್ಕೇ ಬರೆಯಲಿಲ್ಲ” ಎನ್ನುತ್ತಾರೆ. ತಂಗಿಯ ಸಂಬಂಧಕ್ಕೆ ಅಡ್ಡಿಯಾದೀತೆಂಬ ಅಂಜಿಕೆಯೂ ಇರುತ್ತದೆ.

ಅಂಥ ಒಂದು ಮನೆಯಲ್ಲಿ ಇಪ್ಪತ್ತೆಂಟರ ಯುವಕ ವಾರಗಟ್ಟಲೆ ಸರಿಯಾಗಿ ಉಣ್ಣದೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದ. ‘ಇಂಥವರು ಹಾಗೆಯೇ’ ಎಂದು ಮನೆಯವರೂ ಒಬ್ಬ ವೈದ್ಯರೂ ಸುಮ್ಮನಾಗಿದ್ದರು. ಕೊನೆಗೆ ಬಾಯಿ ತೆರೆಸಿ ನೋಡಿದರೆ ದವಡೆಹಲ್ಲು ಹುಳುಕಾಗಿ ಕೀವು ತುಂಬಿತ್ತು. ಹಲ್ಲು ಕಿತ್ತ ವಾರದಲ್ಲೇ ಅವನು ಎಲ್ಲರೊಡನೆ ಊಟಕ್ಕೆ ಕುಳಿತ.

ನೋವನ್ನು ಬಾಯಿಬಿಟ್ಟು ಹೇಳಲಾಗದವರಿಗೆ ನಡವಳಿಕೆಯೇ ಮಾತು. ಇಂಗ್ಲೆಂಡಿನಲ್ಲಿ 2013ರಲ್ಲಿ ಮುಗಿದ ಒಂದು ಅಧ್ಯಯನದ ಪ್ರಕಾರ, ಬೌದ್ಧಿಕ ಅಂಗವೈಕಲ್ಯವಿರುವ ಗಂಡಸರು ಉಳಿದವರಿಗಿಂತ 13 ವರ್ಷ, ಹೆಂಗಸರು 20 ವರ್ಷ ಮೊದಲೇ ತೀರಿಕೊಳ್ಳುತ್ತಿದ್ದರು. ರೋಗಪತ್ತೆ ಮತ್ತು ಚಿಕಿತ್ಸೆ ತಡವಾಗುತ್ತಿದ್ದುದು ಇದಕ್ಕೆ ಒಂದು ಕಾರಣ. ಇಂಥವರಲ್ಲೂ ಕಪ್ಪುಜನರ ಮತ್ತು ಲ್ಯಾಟಿನೋ ಸಮುದಾಯದವರ ಆರೋಗ್ಯ ಬಿಳಿಯರಿಗಿಂತ ಕೆಟ್ಟಿರುವುದನ್ನು ಅಮೆರಿಕದ ಅಧ್ಯಯನವೊಂದು 2016ರಲ್ಲಿ ತೋರಿಸಿತು. ನಮ್ಮ ಮನೆಗಳಲ್ಲಿಯೂ ಹೊರೆ ಒಂದೇ ಅಲ್ಲ. ಆಸ್ಪತ್ರೆಗೆ ಹೋದರೆ ದಿನದ ಕೂಲಿ ಹೋಗುತ್ತದೆ. ಮನೆಯಲ್ಲಿ ಉರ್ದುವನ್ನೋ ಬ್ಯಾರಿಯನ್ನೋ ಮಾತ್ರ ಆಡುವ ತಾಯಿಗೆ ವೈದ್ಯರೆದುರು ವಿವರಿಸುವುದು ಕಷ್ಟ. ಬೆಳೆದ ಮಗನನ್ನು ಒಬ್ಬಳೇ ಕರೆದೊಯ್ಯುವುದು ಇನ್ನೂ ಕಷ್ಟ.

ಆದ್ದರಿಂದ ಇದ್ದಕ್ಕಿದ್ದಂತೆ ಹಟ, ಸಿಟ್ಟು, ನಿದ್ರೆಗೇಡು ಕಂಡರೆ ಮೊದಲು ಹಲ್ಲು, ಕಿವಿ, ಮಲಬದ್ಧತೆ, ಮೂತ್ರದ ಸೋಂಕು ಇವನ್ನು ಪರೀಕ್ಷಿಸಿಸಿ. ಡೌನ್ ಸಿಂಡ್ರೋಮ್ ಇರುವವರಿಗೆ ವರ್ಷಕ್ಕೊಮ್ಮೆ ಥೈರಾಯ್ಡ್ ಪರೀಕ್ಷೆ ಬೇಕು. ಮೂರ್ಛೆರೋಗದ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಯುಡಿಐಡಿ ಎಂಬ ಗುರುತಿನ ಚೀಟಿ ಮಾಡಿಸಿರಿ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ದಾರಿ ತೋರಿಸುತ್ತಾರೆ. ಕೇಂದ್ರದ ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸಾವೆಚ್ಚ ಸಿಗುತ್ತದೆ. ವಯಸ್ಸಿನ ಮಿತಿ ಇಲ್ಲ, ಸೇರುವ ಮೊದಲು ವೈದ್ಯಕೀಯ ಪರೀಕ್ಷೆಯೂ ಇಲ್ಲ. ಆದರೆ ಪ್ರತಿವರ್ಷ ನವೀಕರಿಸಬೇಕು. 18 ತುಂಬಿದವರಿಗೆ ಕಾನೂನುಬದ್ಧ ಪಾಲಕರು ಬೇಕಿದ್ದರೆ, 1999ರ ಕಾಯ್ದೆಯಂತೆ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬಹುದು.

ಪೋಷಕರಲ್ಲಿ ವಿನಂತಿ: ಈ ವರ್ಷದ ಅರ್ಜಿಯಲ್ಲಿ ಆ ಹೆಸರನ್ನೂ ಬರೆಯಿರಿ. ಅದರಿಂದ ವಿದ್ಯಾರ್ಥಿವೇತನಕ್ಕೆ ಯಾವ ಅಡ್ಡಿಯೂ ಇಲ್ಲ. ದಾನಿಗಳಲ್ಲಿ ವಿನಂತಿ: ಒಂದು ಮನೆಗೆ ಆಸ್ಪತ್ರೆಯ ಆಟೋ ಬಾಡಿಗೆ, ಆ ದಿನದ ಕೂಲಿ, ಜೊತೆಗೆ ಹೋಗುವ ಒಬ್ಬರು ಸಿಕ್ಕರೆ ಅರ್ಧ ಕೆಲಸ ಆದಂತೆ. ಆ ಮಕ್ಕಳು ಅಲ್ಲಾಹನು ನಮ್ಮೆಲ್ಲರ ಕೈಯಲ್ಲಿಟ್ಟ ಅಮಾನತ್. ಹೆಸರು ಗೊತ್ತಾದರೆ ಇನ್ಷಾ ಅಲ್ಲಾಹ್ ನಾವು ಬಾಗಿಲಿಗೆ ಬರುತ್ತೇವೆ.