ಅವಿರೋಧ ಆಯ್ಕೆಯಾದವರ ಕಷ್ಟ

ಪುಣೆಯ ಹಿಂಜವಡಿಯಲ್ಲಿ ನಮ್ಮ ಆಫೀಸು. ಕ್ಲೈಂಟ್ ಇರುವುದು ಅಮೆರಿಕದ ಒಹಾಯೊದಲ್ಲಿ. ದಿನಾ ಸಂಜೆ ಆರೂವರೆಗೆ ಕಾಲ್. ಕೆಲಸದ ಮಾತಿಗೆ ಮುಂಚೆ ಐದು ನಿಮಿಷ ಮಳೆ, ಹಿಮ, ಮಕ್ಕಳ ಶಾಲೆ ಎಲ್ಲ ಬಂದು ಹೋಗುತ್ತದೆ. 2024ರ ಜುಲೈ 22ರ ಸೋಮವಾರ ಮಾತ್ರ ಆ ಐದು ನಿಮಿಷ ಇಪ್ಪತ್ತಾಯಿತು. ಹಿಂದಿನ ದಿನವಷ್ಟೇ ಜೋ ಬೈಡನ್ ಅಧ್ಯಕ್ಷೀಯ ಕಣದಿಂದ ಹಿಂದೆ ಸರಿದು ಕಮಲಾ ಹ್ಯಾರಿಸ್ ಅವರ ಹೆಸರು ಹೇಳಿದ್ದರು. ಆ ಕಡೆಯ ಹಿರಿಯ ಸಹೋದ್ಯೋಗಿ ಡೆಮಾಕ್ರಟಿಕ್ ಪಕ್ಷದ ಮತದಾರರೇ. ಆದರೂ ಅವರ ದನಿಯಲ್ಲಿ ಖುಷಿ ಇರಲಿಲ್ಲ. ‘ಒಬ್ಬರೂ ಎದುರು ನಿಲ್ಲದೆ ಟಿಕೆಟ್ ಸಿಗುತ್ತಿದೆ, ನನಗೆ ಅದೇ ಭಯ’ ಎಂದರು.

ನನಗೆ ನಗು ಬಂತು. ನಮ್ಮ ಕಡೆ ‘ಅವಿರೋಧ ಆಯ್ಕೆ’ ಅಂದರೆ ಹಾರ ಹಾಕಿಕೊಂಡು ಪೇಪರಿನಲ್ಲಿ ಫೋಟೊ ಹಾಕಿಸಿಕೊಳ್ಳುವ ಸಂಗತಿ. ಅದರಲ್ಲಿ ಭಯ ಪಡುವಂಥದ್ದೇನಿದೆ? ಹಾಗಂದುಕೊಳ್ಳುತ್ತಿದ್ದಂತೆ ಅಪ್ಪನ ನೆನಪಾಯಿತು, ನಗು ಅಲ್ಲಿಗೇ ನಿಂತಿತು.

ಅಪ್ಪ ಹಾವೇರಿ ಜಿಲ್ಲೆಯ ನಮ್ಮ ಹಳ್ಳಿಯ ಹಾಲು ಉತ್ಪಾದಕರ ಸಂಘಕ್ಕೆ ಎರಡು ಅವಧಿ, ಅಂದರೆ ಹತ್ತು ವರ್ಷ, ಅವಿರೋಧವಾಗಿ ಅಧ್ಯಕ್ಷರಾಗಿದ್ದರು. ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿ ಮಾಡಿದವರಲ್ಲ. ಮೂರನೇ ಸಲ ಡಿಪ್ಲೊಮಾ ಓದಿದ ಹುಡುಗನೊಬ್ಬ ಎದುರು ನಿಂತ. ಫ್ಯಾಟಿಗೆ ತಕ್ಕ ದರ ಹೇಗೆ ಹಾಕುತ್ತೀರಿ, ಬೋನಸ್ ಯಾಕೆ ತಡವಾಯಿತು ಎಂದು ಕೇಳಿದ. ಉತ್ತರ ರಿಜಿಸ್ಟರಿನಲ್ಲಿತ್ತು, ಅಪ್ಪನ ಬಾಯಲ್ಲಿ ಬರಲಿಲ್ಲ. ಹತ್ತು ವರ್ಷದಲ್ಲಿ ಯಾರೂ ಕೇಳಿದ್ದೇ ಇರಲಿಲ್ಲ. ಪ್ರಶ್ನೆಯನ್ನು ಅವರು ಅನುಮಾನ ಅಂತ ತಿಳಿದು ಸಿಟ್ಟಾದರು. ಸೋತರು. ಮೂರು ತಿಂಗಳು ಡೇರಿ ಕಡೆ ಕಾಲಿಡಲಿಲ್ಲ. ಅವ್ವನೇ ಕ್ಯಾನ್ ಹೊತ್ತು ಹೋಗಿ ಹಾಲು ಹಾಕಿ ಬರುತ್ತಿದ್ದಳು. ನಾನು ಪುಣೆಯಲ್ಲಿ ಕೂತು ಫೋನಿನಲ್ಲಿ ಸಮಾಧಾನ ಹೇಳಿದ್ದೇ ಬಂತು.

ಹ್ಯಾರಿಸ್ ವಿಷಯದಲ್ಲಿ ಆ ಸಹೋದ್ಯೋಗಿಯ ಭಯ ಅಕ್ಟೋಬರಿನಲ್ಲಿ ನನಗೆ ಅರ್ಥವಾಯಿತು. ಟಿವಿ ಕಾರ್ಯಕ್ರಮವೊಂದರಲ್ಲಿ, ಅದೂ ಅವರ ಬಗ್ಗೆ ಒಲವಿದ್ದ ಕಾರ್ಯಕ್ರಮದಲ್ಲಿ, ಬೈಡನ್ ಮಾಡಿದ್ದರಲ್ಲಿ ನೀವು ಯಾವುದನ್ನು ಬೇರೆ ರೀತಿ ಮಾಡುತ್ತಿದ್ದಿರಿ ಎಂದು ಕೇಳಿದರು. ಅಂಥದ್ದೇನೂ ತೋಚುತ್ತಿಲ್ಲ ಎಂಬ ಅರ್ಥದ ಉತ್ತರ ಬಂತು. ಟ್ರಂಪ್ ಪಾಳಯ ಅದನ್ನೇ ಜಾಹೀರಾತು ಮಾಡಿಕೊಂಡಿತು. ಪಕ್ಷದೊಳಗೆ ನಾಲ್ಕು ಜನ ಪೈಪೋಟಿಗೆ ಇದ್ದಿದ್ದರೆ ಮೊದಲ ಚರ್ಚೆಯಲ್ಲೇ ಈ ಪ್ರಶ್ನೆ ಬರುತ್ತಿತ್ತು. ಒಂದು ಸಲ ತಡವರಿಸಿದ್ದರೂ ಅಕ್ಟೋಬರಿನ ಹೊತ್ತಿಗೆ ಉತ್ತರ ಪಳಗಿರುತ್ತಿತ್ತು. ಸೋಲಿಗೆ ಬೆಲೆಯೇರಿಕೆ, ವಲಸೆ, ಸಮಯದ ಅಭಾವ ಎಲ್ಲ ಕಾರಣಗಳಿವೆ, ಇದೊಂದೇ ಅಲ್ಲ. ಆದರೆ ಆ ಉತ್ತರ ಕೇಳಿದಾಗ ನನ್ನ ಕಣ್ಣಿಗೆ ಕಂಡದ್ದು ಡೇರಿಯ ಮುಂದೆ ನಿಂತಿದ್ದ ಅಪ್ಪ.

ಇದಕ್ಕೆ ತದ್ವಿರುದ್ಧ ಕಥೆ 2008ರದ್ದು. ನಾನಾಗ ಹುಬ್ಬಳ್ಳಿಯಲ್ಲಿ ಬಿಇ ಓದುತ್ತಿದ್ದೆ. ಆ ಜನವರಿ 3ರಂದು ಅಯೊವಾದಲ್ಲಿ ಬರಾಕ್ ಒಬಾಮ ಗೆದ್ದರು, ಹಿಲರಿ ಕ್ಲಿಂಟನ್ ಮೂರನೇ ಸ್ಥಾನಕ್ಕೆ ಹೋದರು. ಐದೇ ದಿನಕ್ಕೆ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹಿಲರಿ ಗೆದ್ದರು. ಅಲ್ಲಿಂದ ಜೂನ್‌ವರೆಗೆ ಜಗ್ಗಾಟ. ಡೆಮಾಕ್ರಟಿಕ್ ಪಕ್ಷದಲ್ಲಿ ಮತ ಬಿದ್ದ ಪ್ರಮಾಣಕ್ಕೆ ತಕ್ಕಂತೆ ಪ್ರತಿನಿಧಿಗಳು ಹಂಚಿಹೋಗುತ್ತಾರೆ, ಹಾಗಾಗಿ ಸೋತವರೂ ಕಣದಲ್ಲಿ ಉಳಿಯುತ್ತಾರೆ. ರಿಪಬ್ಲಿಕನ್ನರಲ್ಲಿ ಅನೇಕ ರಾಜ್ಯಗಳಲ್ಲಿ ಗೆದ್ದವರಿಗೇ ಎಲ್ಲ. ಜಾನ್ ಮೆಕೇನ್ ಮಾರ್ಚ್ 4ಕ್ಕೇ ಗೆದ್ದು ಆರಾಮಾಗಿ ಕೂತರು. ಇವರಿಬ್ಬರು ಕಚ್ಚಾಡಿ ಸಾಯುತ್ತಾರೆ, ಲಾಭ ಮೆಕೇನ್‌ಗೆ ಎಂದು ಬರೆದವರು ಆಗ ಬಹಳ ಮಂದಿ.

ಆ ಮಾರ್ಚಿನಲ್ಲೇ ಒಬಾಮ ಹೋಗುತ್ತಿದ್ದ ಚರ್ಚಿನ ಪಾದ್ರಿ ಜೆರೆಮಾಯ ರೈಟ್ ಅವರ ಉಗ್ರ ಮಾತುಗಳ ವಿಡಿಯೊ ಹೊರಬಂತು. ಕಪ್ಪು ಜನಾಂಗದ ಅಭ್ಯರ್ಥಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿರಲಿಲ್ಲ. ಮಾರ್ಚ್ 18ರಂದು ಫಿಲಡೆಲ್ಫಿಯಾದಲ್ಲಿ ಒಬಾಮ ಜನಾಂಗದ ಪ್ರಶ್ನೆಯ ಬಗ್ಗೆ ನೇರವಾಗಿ, ಸುದೀರ್ಘವಾಗಿ ಮಾತಾಡಿದರು. ಎಷ್ಟೋ ಜನ ಅದನ್ನು ಅವರ ಶ್ರೇಷ್ಠ ಭಾಷಣ ಅನ್ನುತ್ತಾರೆ. ಅದೇ ವಿಡಿಯೊ ಅಕ್ಟೋಬರಿನಲ್ಲಿ ಮೊದಲ ಸಲ ಸ್ಫೋಟಿಸಿದ್ದರೆ? ಮಾರ್ಚಿನಲ್ಲಿ ಬಂದದ್ದರಿಂದ ಮತದಾನದ ಹೊತ್ತಿಗೆ ಹಳೇ ಸುದ್ದಿಯಾಗಿತ್ತು. ಅನುಭವ ಸಾಲದು ಎಂಬ ಆರೋಪವೂ ಅಷ್ಟೇ. ರಾತ್ರಿ ಮೂರು ಗಂಟೆಗೆ ಶ್ವೇತಭವನದ ಫೋನ್ ರಿಂಗಾದರೆ ಯಾರು ಎತ್ತಬೇಕು ಎಂಬ ಜಾಹೀರಾತನ್ನು ಹಿಲರಿಯೇ ಹಾಕಿಸಿದ್ದರು. ಮೆಕೇನ್ ಅದೇ ಬಾಣ ಬಿಡುವ ಹೊತ್ತಿಗೆ ಒಬಾಮ ಅದಕ್ಕೆ ಒಗ್ಗಿಹೋಗಿದ್ದರು. ವಿದೇಶಾಂಗ ವಿಷಯದಲ್ಲಿ ಪಳಗಿದ ಬೈಡನ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೂ ಆರಿಸಿಕೊಂಡಿದ್ದರು.

ಇನ್ನೊಂದು ಲಾಭ ಅಷ್ಟಾಗಿ ಕಣ್ಣಿಗೆ ಬೀಳದ್ದು. ಪೈಪೋಟಿ ಬೇಗ ಮುಗಿದರೆ ಮೇ ತಿಂಗಳ ಪ್ರೈಮರಿಗಳಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆ ವರ್ಷ ಇಂಡಿಯಾನಾ, ನಾರ್ತ್ ಕ್ಯಾರೊಲಿನಾದಲ್ಲೂ ಇಬ್ಬರೂ ಕಚೇರಿ ತೆರೆದು, ಮನೆಮನೆಗೆ ಹೋಗಿ, ಮತದಾರರ ಹೆಸರು ನೋಂದಾಯಿಸಬೇಕಾಯಿತು. ನವೆಂಬರಿನಲ್ಲಿ ಆ ಎರಡೂ ರಾಜ್ಯಗಳು ಒಬಾಮಗೆ ಬಂದವು. ಇಂಡಿಯಾನಾ ಡೆಮಾಕ್ರಟರಿಗೆ ಒಲಿದದ್ದು 1964ರ ನಂತರ ಅದೇ ಮೊದಲು. ಸೆಪ್ಟೆಂಬರಿನ ಆರ್ಥಿಕ ಕುಸಿತ ದೊಡ್ಡ ಕಾರಣ, ಒಪ್ಪುತ್ತೇನೆ. ಆದರೂ ಮೇನಲ್ಲಿ ಮಾಡಿದ ಪಟ್ಟಿ ನವೆಂಬರಿನಲ್ಲಿ ಕೈಯಲ್ಲಿತ್ತಲ್ಲ.

ಇದನ್ನು ಹೇಳಿದರೆ ಗೆಳೆಯರು 1980 ನೆನಪಿಸುತ್ತಾರೆ. ಅಧ್ಯಕ್ಷ ಕಾರ್ಟರ್ ಎದುರು ಅದೇ ಪಕ್ಷದ ಟೆಡ್ ಕೆನಡಿ ನಿಂತರು, ಕಾರ್ಟರ್ ಗೆದ್ದು ಸುಸ್ತಾಗಿ ರೇಗನ್ ಎದುರು ಸೋತರು. 1992ರಲ್ಲಿ ಹಿರಿಯ ಬುಷ್‌ಗೂ ಪಕ್ಷದೊಳಗೇ ಬ್ಯುಕ್ಯಾನನ್ ಕಾಟ. ಆದರೆ ಡಾಕ್ಟರು ಬಂದದ್ದಕ್ಕೇ ಜ್ವರ ಬಂತು ಅನ್ನಲಾದೀತೇ? ಅಧಿಕಾರದಲ್ಲಿರುವವರು ಬಲಹೀನರಾದಾಗಲೇ ಒಳಗಿನವರು ಎದುರು ನಿಲ್ಲುವ ಧೈರ್ಯ ಮಾಡುವುದು. ಖಾಲಿ ಕುರ್ಚಿಗೆ ನಡೆಯುವ ಪೈಪೋಟಿಯ ಲೆಕ್ಕವೇ ಬೇರೆ.

ನಮ್ಮಲ್ಲಿ ಪೈಪೋಟಿ ಇಲ್ಲವೆಂದಲ್ಲ. ಬಿ ಫಾರಂಗಾಗಿ ದೆಹಲಿ ಹೋಟೆಲುಗಳಲ್ಲಿ ವಾರಗಟ್ಟಲೆ ಕೂರುವುದೂ ಪೈಪೋಟಿಯೇ. ಅದರಲ್ಲಿ ಪರೀಕ್ಷೆಯಾಗುವುದು ತಾಳ್ಮೆ ಮತ್ತು ಸಂಪರ್ಕ. ಮತದಾರರ ಪ್ರಶ್ನೆಗೆ ಉತ್ತರಿಸುವ ಶಕ್ತಿ ಅಲ್ಲಿ ಯಾರಿಗೂ ಬೇಕಿಲ್ಲ. 2014ರಲ್ಲಿ ನಾನು ಸುರತ್ಕಲ್‌ನಲ್ಲಿ ಎಂಟೆಕ್ ಮಾಡುತ್ತಿದ್ದಾಗ ಕಾಂಗ್ರೆಸ್ ಒಂದು ಪ್ರಯೋಗ ಮಾಡಿತು. ದೇಶದ ಕೆಲವೇ ಕ್ಷೇತ್ರಗಳಲ್ಲಿ ಅಮೆರಿಕದ ಮಾದರಿಯ ಪ್ರೈಮರಿ. ರಾಜ್ಯದಲ್ಲಿ ದಕ್ಷಿಣ ಕನ್ನಡ ಮತ್ತು ಬೆಂಗಳೂರು ಉತ್ತರ. ಜನಾರ್ದನ ಪೂಜಾರಿ, ಸಿ. ನಾರಾಯಣಸ್ವಾಮಿ ಟಿಕೆಟ್ ಗೆದ್ದರು, ಚುನಾವಣೆಯಲ್ಲಿ ಇಬ್ಬರೂ ಸೋತರು. ಹಾಸ್ಟೆಲ್ ಮೆಸ್ಸಿನಲ್ಲಿ ‘ಅಮೆರಿಕದ ಬೀಜ ನಮ್ಮ ಮಣ್ಣಲ್ಲಿ ಏಳಲ್ಲ’ ಎಂದು ನಕ್ಕೆವು. ಮೋದಿ ಅಲೆಯಲ್ಲಿ ಯಾರು ನಿಂತಿದ್ದರೂ ಕಷ್ಟವಿತ್ತು ಅನ್ನುವುದು ಬೇರೆ ಮಾತು. ಆದರೆ ಅಲ್ಲಿ ಮತ ಹಾಕಿದವರು ಪಟ್ಟಿ ಮಾಡಿದ ಪಕ್ಷದ ಪದಾಧಿಕಾರಿಗಳು, ಕಾರ್ಯಕರ್ತರು. ನಡೆದದ್ದು ಮಾರ್ಚಿನಲ್ಲಿ, ಮತದಾನ ಏಪ್ರಿಲ್ 17ಕ್ಕೆ. ಅಯೊವಾದಲ್ಲಿ 2008ರ ಆ ಒಂದೇ ರಾತ್ರಿ ಚಳಿಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸಾಮಾನ್ಯ ಡೆಮಾಕ್ರಟ್ ಮತದಾರರು ಶಾಲೆ, ಸಭಾಭವನಗಳಿಗೆ ಬಂದಿದ್ದರು. ಬೀಜದ ತಪ್ಪೋ, ಬಿತ್ತಿದ ರೀತಿಯ ತಪ್ಪೋ, ನೀವೇ ಹೇಳಿ.

ಕಳೆದ ಸೆಪ್ಟೆಂಬರಿನಲ್ಲಿ ಊರಿಗೆ ಫೋನ್ ಮಾಡಿದಾಗ ಅವ್ವ, ‘ನಿಮ್ಮಪ್ಪ ಡೇರಿ ಸಭಾಕ್ಕ ಹೋಗ್ಯಾರ’ ಅಂದಳು. ಸೋತ ಮೇಲೆ ಮೊದಲ ಸಲ. ರಾತ್ರಿ ಮತ್ತೆ ಮಾಡಿದೆ. ಅಪ್ಪ ಸಭೆಯಲ್ಲಿ ಎದ್ದು ನಿಂತು, ಹೊಸ ಫ್ಯಾಟ್ ಮಷಿನ್ನಿನ ರಿಪೇರಿ ಖರ್ಚು ಯಾಕೆ ಅಷ್ಟಾಯಿತು ಎಂದು ಆ ಹುಡುಗನನ್ನು ಕೇಳಿದರಂತೆ.

‘ಉತ್ತರ ಕೊಟ್ಟನೇನಪ್ಪಾ?’

‘ಕೊಟ್ಟಾ. ಚಲೋನ ಕೊಟ್ಟಾ. ಮುಂದಿನ ಸಲಕ್ಕ ಇನ್ನೊಂದು ಇಟ್ಟೇನಿ.’