ಕರ್ನಾಟಕ ರಾಜಕಾರಣದಲ್ಲಿ ಮಠಗಳ ಪ್ರಭಾವ

ಕರ್ನಾಟಕದ ಮಠಾಧೀಶರು ಸಾಮಾನ್ಯವಾಗಿ ಚುನಾವಣೆಗೆ ಸ್ಪರ್ಧಿಸುವುದಿಲ್ಲ. ಆದರೂ ಅಭ್ಯರ್ಥಿಗಳ ಆಯ್ಕೆ, ಸಚಿವ ಸ್ಥಾನ, ಮೀಸಲಾತಿ ಮತ್ತು ಸರ್ಕಾರಿ ಅನುದಾನದ ವಿಷಯಗಳಲ್ಲಿ ರಾಜಕೀಯ ಪಕ್ಷಗಳು ಅವರ ಮಾತಿಗೆ ಮನ್ನಣೆ ನೀಡುತ್ತ ಬಂದಿವೆ. ಆದರೆ ಮಠದ ಒಲವೇ ಸಮುದಾಯದ ಮತವಾಗುತ್ತದೆ ಎಂಬ ನಂಬಿಕೆಯನ್ನು ಚುನಾವಣಾ ಫಲಿತಾಂಶಗಳು ಯಾವಾಗಲೂ ಸಮರ್ಥಿಸಿಲ್ಲ.

ಹಿನ್ನೆಲೆ

ಮಠಗಳ ಸಾಮಾಜಿಕ ಬಲಕ್ಕೆ ಅನ್ನದಾಸೋಹ ಮತ್ತು ವಿದ್ಯಾದಾನ ಮೂಲ ಆಧಾರಗಳಾಗಿವೆ. ತುಮಕೂರಿನ ಸಿದ್ಧಗಂಗಾ ಮಠವು ಜಾತಿಭೇದವಿಲ್ಲದೆ ಸಾವಿರಾರು ವಿದ್ಯಾರ್ಥಿಗಳಿಗೆ ಉಚಿತ ಊಟ, ವಸತಿ ಮತ್ತು ಶಿಕ್ಷಣ ನೀಡುತ್ತಿದೆ. ಹಳೆ ಮೈಸೂರು ಭಾಗದಲ್ಲಿ ಒಕ್ಕಲಿಗ ಸಮುದಾಯದ ಆದಿಚುಂಚನಗಿರಿ ಮಠವು 1974ರಲ್ಲಿ ಪೀಠಾಧ್ಯಕ್ಷರಾದ ಬಾಲಗಂಗಾಧರನಾಥ ಸ್ವಾಮೀಜಿಯವರ ಕಾಲದಲ್ಲಿ ಶಿಕ್ಷಣ ಸಂಸ್ಥೆಗಳ ಮೂಲಕ ವಿಸ್ತರಿಸಿತು. ಮುಂದೆ ಹಿಂದುಳಿದ ಮತ್ತು ದಲಿತ ಸಮುದಾಯಗಳೂ ತಮ್ಮದೇ ಪೀಠಗಳನ್ನು ಕಟ್ಟಿಕೊಂಡವು. ಕುರುಬ ಸಮುದಾಯದ ಕಾಗಿನೆಲೆ ಕನಕ ಗುರುಪೀಠವು 1992ರಲ್ಲಿ ಸ್ಥಾಪನೆಯಾಯಿತು. ಹೀಗೆ ಮಠವು ಸಮುದಾಯದ ಬೇಡಿಕೆಗಳನ್ನು ಸರ್ಕಾರದ ಮುಂದಿಡುವ ವೇದಿಕೆಯೂ ಆಯಿತು.

ಪ್ರಮುಖ ಸಂದರ್ಭಗಳು

* ಪ್ರತ್ಯೇಕ ಧರ್ಮದ ಬೇಡಿಕೆ: 2018ರ ಮಾರ್ಚ್‌ನಲ್ಲಿ ಸಿದ್ದರಾಮಯ್ಯ ಸರ್ಕಾರವು ಲಿಂಗಾಯತರಿಗೂ ಬಸವತತ್ತ್ವವನ್ನು ಒಪ್ಪುವ ವೀರಶೈವ ಲಿಂಗಾಯತರಿಗೂ ಧಾರ್ಮಿಕ ಅಲ್ಪಸಂಖ್ಯಾತ ಸ್ಥಾನಮಾನ ನೀಡುವಂತೆ ಕೇಂದ್ರಕ್ಕೆ ಶಿಫಾರಸು ಮಾಡಿತು. ವಿರಕ್ತ ಪರಂಪರೆಯ ಹಲವು ಮಠಾಧೀಶರು ಇದನ್ನು ಸ್ವಾಗತಿಸಿದರೆ, ರಂಭಾಪುರಿ ಪೀಠ ಮೊದಲಾದ ಪಂಚಪೀಠಗಳು ವಿರೋಧಿಸಿದವು. 2013ರಲ್ಲಿ 122 ಸ್ಥಾನ ಗೆದ್ದಿದ್ದ ಕಾಂಗ್ರೆಸ್ ಆ ವರ್ಷದ ಚುನಾವಣೆಯಲ್ಲಿ 80ಕ್ಕೆ ಇಳಿಯಿತು.

* ಯಡಿಯೂರಪ್ಪ ಅವರ ರಾಜೀನಾಮೆ: 2021ರ ಜುಲೈನಲ್ಲಿ ಅನೇಕ ಮಠಾಧೀಶರು ಮುಖ್ಯಮಂತ್ರಿಯ ನಿವಾಸಕ್ಕೆ ತೆರಳಿ, ಬಿ. ಎಸ್. ಯಡಿಯೂರಪ್ಪ ಅವರನ್ನು ಬದಲಿಸಬಾರದೆಂದು ಬಹಿರಂಗವಾಗಿ ಒತ್ತಾಯಿಸಿದರು. ಆದರೂ ಜುಲೈ 26ರಂದು ಅವರು ರಾಜೀನಾಮೆ ನೀಡಿದರು.

* ಪಂಚಮಸಾಲಿ ಹೋರಾಟ: 2ಎ ಪ್ರವರ್ಗದ ಮೀಸಲಾತಿಗಾಗಿ ಬಸವ ಜಯಮೃತ್ಯುಂಜಯ ಸ್ವಾಮೀಜಿ 2021ರಲ್ಲಿ ಕೂಡಲಸಂಗಮದಿಂದ ಬೆಂಗಳೂರಿಗೆ ಪಾದಯಾತ್ರೆ ನಡೆಸಿದರು. 2023ರ ಮಾರ್ಚ್‌ನಲ್ಲಿ ಬಿಜೆಪಿ ಸರ್ಕಾರವು ಮುಸ್ಲಿಮರ ಶೇ. 4ರ ಮೀಸಲಾತಿಯನ್ನು ರದ್ದುಪಡಿಸಿ, ಅದನ್ನು ಒಕ್ಕಲಿಗರ ಮತ್ತು ಲಿಂಗಾಯತರ ಹೊಸ ಪ್ರವರ್ಗಗಳಿಗೆ ಹಂಚಿತು. ವಿಷಯ ಸುಪ್ರೀಂ ಕೋರ್ಟ್ ತಲುಪಿದ್ದರಿಂದ ಆದೇಶ ಜಾರಿಯಾಗಲಿಲ್ಲ. ಮೇ ತಿಂಗಳ ಚುನಾವಣೆಯಲ್ಲಿ ಬಿಜೆಪಿ 66 ಸ್ಥಾನಗಳಿಗೆ ಕುಸಿಯಿತು.

ಈ ಫಲಿತಾಂಶಗಳಿಗೆ ಬೇರೆ ಕಾರಣಗಳೂ ಇದ್ದವು. ಆದರೂ ಮಠಗಳ ಪ್ರಭಾವವು ಮತ ತಂದುಕೊಡುವುದಕ್ಕಿಂತ ಸರ್ಕಾರದೊಡನೆ ಚೌಕಾಸಿ ನಡೆಸುವುದರಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಕಾನೂನು

1951ರ ಜನಪ್ರಾತಿನಿಧ್ಯ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಧರ್ಮ ಅಥವಾ ಜಾತಿಯ ಹೆಸರಿನಲ್ಲಿ ಮತ ಯಾಚಿಸುವುದೂ, ದೈವಕೋಪದ ಭಯ ತೋರಿಸಿ ಮತದಾರರನ್ನು ಒತ್ತಾಯಿಸುವುದೂ ಚುನಾವಣಾ ಭ್ರಷ್ಟಾಚಾರಗಳಾಗಿವೆ. ಅಭಿರಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಜನವರಿ 2ರಂದು 4–3 ಬಹುಮತದಿಂದ, ಅಭ್ಯರ್ಥಿಯ ಧರ್ಮವಷ್ಟೇ ಅಲ್ಲದೆ ಮತದಾರರ ಧರ್ಮವನ್ನು ಆಧರಿಸಿದ ಮತಯಾಚನೆಗೂ ಈ ನಿಷೇಧ ಅನ್ವಯಿಸುತ್ತದೆ ಎಂದು ತೀರ್ಪಿತ್ತಿತು. ಧಾರ್ಮಿಕ ಸಂಸ್ಥೆಗಳ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸುವುದನ್ನು 1988ರ ಕೇಂದ್ರ ಕಾಯ್ದೆ ನಿಷೇಧಿಸುತ್ತದೆ. ಆದರೆ ಚುನಾವಣೆ ಮುಗಿದ ಬಳಿಕ ಸಚಿವ ಸ್ಥಾನಕ್ಕಾಗಿ ಮಠಾಧೀಶರು ಮುಂದಿಡುವ ಬೇಡಿಕೆಗಳು 123ನೇ ಸೆಕ್ಷನ್‌ನ ವ್ಯಾಪ್ತಿಗೆ ಬರುವುದಿಲ್ಲ.